ಕಾಳು, ಕಾಳಗ

ಅಂಗನವಾಡಿಯ ದಾಖಲಾತಿ ಪುಸ್ತಕದಲ್ಲಿ
ಐದನೇ ಕಾಲಂ: ಸ್ವಂತ ಊರು.
ಮಾಗಡಿ, ಮಾನ್ವಿ, ಮಧುಗಿರಿ,
ಇಷ್ಟು ವರ್ಷ ನನ್ನ ಪೆನ್ನು ತಡವರಿಸಿದ್ದಿಲ್ಲ.

ಸೆನುವಾರಾ ಮಗಳ ಕೈ ಹಿಡಿದು
ಹೊಸ್ತಿಲಾಚೆಯೇ ನಿಂತಿದ್ದಳು, ಚಪ್ಪಲಿ ಕಂಕುಳಲ್ಲಿ.
ಬೇಗೂರು ಕೆರೆಯ ಹಿಂದೆ ತಗಡಿನ ಶೆಡ್ಡು,
ಗಂಡ ರಟ್ಟು, ಬಾಟಲಿ ಬೇರ್ಪಡಿಸುವವನು.
ಊರು ಯಾವುದಮ್ಮ?
ಹೇಳಿದಳು. ಕೇಳಿಸಿತು. ಬರೆಯಲಾಗಲಿಲ್ಲ.
ಮತ್ತೆ ಕೇಳಿದೆ.
ಅವಳು ಅಂಗೈ ಚಾಚಿ
ಊದಿದಳು, ಬೂದಿ ಹಾರಿಸುವ ಹಾಗೆ.

ಆ ತಿಂಗಳ ವಾರ್ಡ್ ಸಭೆಯಲ್ಲಿ
ಕಸ, ನಾಯಿ, ಬೀದಿದೀಪ ಎಲ್ಲ ಮುಗಿದ ಮೇಲೆ
ಎದ್ದು ನಿಂತು ನಾನು ಕೇಳಿದ್ದು ಇಷ್ಟೇ:
ಪೇಪರಿಲ್ಲದ ಮಗುವಿಗೆ ಮೊಟ್ಟೆ ಕೊಡಬಹುದೋ, ಬಾರದೋ?
ಫ್ಯಾನು ತಿರುಗಿತು.
ಅಪಾರ್ಟ್‌ಮೆಂಟ್ ಸಂಘದವರೊಬ್ಬರು
ಇವತ್ತು ಒಂದು ಮಗು, ನಾಳೆ ಒಂದು ಊರೇ ಬಂದೀತು ಎಂದರು.
ಅವರು ಬಂದದ್ದು ಹೋದ ಯುಗಾದಿಗೆ;
ಸೋಫಾ ಲಿಫ್ಟಿನಲ್ಲಿ ಹಿಡಿಸದೆ
ನಮ್ಮ ಹುಡುಗರು ಆರು ಮಹಡಿ ಹೊತ್ತಿದ್ದರು.

ಆಗ ಪಿಳ್ಳಪ್ಪ ಕೆಮ್ಮಿದ,
ಆ ಟವರುಗಳು ನಿಂತಲ್ಲೇ ರಾಗಿ ಬೆಳೆದವನು.
"ಪೇಪರು ಅಂತೀರಲ್ಲ ಸ್ವಾಮಿ,
ನಮ್ಮಪ್ಪ ಹುಟ್ಟಿದ ಮನೆಗೇ ಇನ್ನೂ ಬಿ ಖಾತೆ.
ಈ ಕೂಸಿಗೆ ಎ ಖಾತೆ ಎಲ್ಲಿಂದ ತರೋದು?"
ನಕ್ಕರು. ನಗು ನಿಂತಾಗ
ಏನೋ ತುಸು ಸರಿದು ಜಾಗ ಬಿಟ್ಟಿತ್ತು,
ಬಸ್ಸಿನ ಸೀಟಿನಲ್ಲಿ ಮೂರನೆಯವರಿಗೆ ಬಿಡುವಷ್ಟು.

ನಡಾವಳಿ ಪುಸ್ತಕದಲ್ಲಿ ಹೀಗಿದೆ:
ಊರು ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳತಕ್ಕದ್ದು.
ಪರ ಒಂಬತ್ತು. ವಿರುದ್ಧ ಮೂರು.
ಸ್ಕೂಟರ್ ಟೋ ಆಗುತ್ತದೆಂದು ಒಬ್ಬರು ಹೊರಗೆ ಓಡಿದ್ದರು.

ಇದನ್ನು ಊರಿನ ಔದಾರ್ಯ ಎನ್ನಬೇಡಿ.
ಅದೇ ಊರು ಮಾರ್ಚ್‌ನಲ್ಲಿ ಜೆಸಿಬಿ ತಂದು
ಹನ್ನೊಂದು ಶೆಡ್ಡು ಕೆಡವಿತು.
ಅದೇ ಊರಿನ ಟ್ಯಾಂಕರಿನವನು
ಕೊಡಕ್ಕೆ ನಮಗೊಂದು ರೇಟು, ಅವರಿಗೊಂದು.
ಅದೇ ಊರಿನ ಲೋಗೇಶ್ವರಿ,
ಎಂಬತ್ತಮೂರರಲ್ಲಿ ಅಮ್ಮನ ಸೆರಗು ಹಿಡಿದು
ದೋಣಿಯಲ್ಲಿ ಸಮುದ್ರ ದಾಟಿದವಳು,
ಟಾರ್ಪಾಲು ಹೊತ್ತು ಬಂದು ಸೆನುವಾರಾಗೆ
ಗಂಟು ಹಾಕುವುದ ಕಲಿಸಿದಳು:
ಗಾಳಿಗೆ ಬಿಚ್ಚದ್ದು, ಕೈಗೆ ಬಿಚ್ಚುವಂಥದ್ದು.

ನಮ್ಮ ಬೇಗೂರಿನ ಗುಡಿಯಲ್ಲಿ ಒಂದು ಕಲ್ಲಿದೆ,
ಸಾವಿರ ವರ್ಷ ಮೀರಿದ್ದು.
ಅದರಲ್ಲಿ ಬೆಂಗಳೂರಿನ ಹೆಸರಿಗೆ ತಾಗಿಕೊಂಡೇ
ಕಾಳಗ. ಯಾರೋ ಸತ್ತದ್ದು.
ಕಲ್ಲಲ್ಲಿ ಇರುವುದು ಅದು.
ಬಾಯಲ್ಲಿ ಇರುವುದು ಬೇರೆ:
ದಾರಿ ತಪ್ಪಿದ ಅರಸ, ಗುಡಿಸಲ ಮುದುಕಿ, ಬೆಂದ ಕಾಳು.
ಓದಿದವರು ಕಟ್ಟುಕತೆ ಎನ್ನುತ್ತಾರೆ. ಇರಲಿ.
ಕತೆಯಲ್ಲಿ ನನಗೆ ಬೇಕಾದ್ದು ಅರಸನಲ್ಲ.
ಆ ಕತ್ತಲಲ್ಲಿ ಅವಳಿಗೆ ಕಿರೀಟ ಕಂಡಿರಲಾರದು;
ಯಾರಪ್ಪ ನೀನು ಎನ್ನುವ ಮೊದಲು
ಉಂಡೆಯಾ ಎಂದಿರಬೇಕು.

ಕಾಳಗ, ಕಾಳು
ಎರಡೂ ಶುರುವಾಗುವುದು 'ಕಾ' ಎಂದೇ,
ಕಾಪಾಡು ಎನ್ನುವ ಹಾಗೆ.
ಆಮೇಲೆ ನಾಲಿಗೆ ಯಾವ ಕಡೆ ಹೊರಳುತ್ತದೋ
ದಿನಾ ಬೆಳಿಗ್ಗೆ ಹೊಸದಾಗಿ ನೋಡಬೇಕು.

ಐದನೇ ಕಾಲಂ ಖಾಲಿಯೇ ಇದೆ.
ಮೇಲ್ವಿಚಾರಕಿ ಅಲ್ಲಿ ಕೆಂಪು ಶಾಯಿಯ
ಪ್ರಶ್ನೆಚಿಹ್ನೆ ಹಾಕಿ ಹೋಗಿದ್ದಾರೆ, ನೋಡಲು ಕಿವಿಯಂತಿದೆ.

ಹನ್ನೊಂದೂವರೆಗೆ ಕುಕ್ಕರ್ ಕೂಗುತ್ತದೆ.
ಬೇಯಿಸಿದ ಹೆಸರುಕಾಳು, ಒಂದು ಚಿಟಿಕೆ ಉಪ್ಪು.
ಕೌಸರ್ ತಟ್ಟೆ ಒಡ್ಡಿ, "ಟೀಚರ್, ಕಾಲು ಕೊಡಿ" ಎನ್ನುತ್ತಾಳೆ.
ಮಕ್ಕಳು ಬಿದ್ದು ಬಿದ್ದು ನಗುತ್ತಾರೆ,
ಒಬ್ಬ ತನ್ನ ಕಾಲನ್ನೇ ಎತ್ತಿ ಕೊಡಲು ಬರುತ್ತಾನೆ.
ಅವಳೂ ನಗುತ್ತಾಳೆ, ಯಾಕೆಂದು ತಿಳಿಯದೆ.
ಎರಡು ಸೌಟು ಹಾಕುತ್ತೇನೆ.
ಳ ಅಲ್ಲವೇ,
ನಾಳೆ ಬಂದರಾಯಿತು.