ಹೆಜಮಾಡಿಯಲ್ಲಿ ಸೊನ್ನೆ

ಸ್ಟೇಟ್ ಬ್ಯಾಂಕಿನಿಂದ ಆರು ಐವತ್ತೆರಡರ ಬಸ್ಸು.
ಐವತ್ತಮೂರಾದರೆ ಹಿಂದಿನ ಬಸ್ಸಿನವರ ಜಗಳ,
ಐವತ್ತೊಂದಾದರೆ ಮುಂದಿನವರದು.
ನಿಮಿಷಕ್ಕೆ ಕಾಲರ್ ಹಿಡಿಯುವ ಈ ದಾರಿಗೆ
ಟಿಕೆಟ್ ಆ್ಯಪ್ ಬರೆದುಕೊಟ್ಟ ನಾನು
ಅರ್ಧ ಸೆಕೆಂಡನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಲೋಲಾಕ್ಷಣ್ಣನ ದೂರು ಮೂರು ವಾರದ್ದು:
"ಫ್ಲೇವಿಯಾ ಮೇಡಂ, ನಿಮ್ಮ ಆ್ಯಪ್ ನನ್ನ ಕಲೆಕ್ಷನ್ ನುಂಗ್ತದೆ.
ರಾತ್ರಿ ಮಾಲಕರ ಎದುರು ನಾನು ಕಳ್ಳ."
ಕದ್ರಿಯ ಆಫೀಸಿನಲ್ಲಿ ನೂರು ಸಲ ತೆರೆದೆ, ಮುಚ್ಚಿದೆ.
ಒಂದು ರೂಪಾಯಿ ಕದಲಲಿಲ್ಲ.
ಹೊಸ ಫೋನು, ತುಂಬಿದ ಬ್ಯಾಟರಿ, ಅವಸರವಿಲ್ಲದ ಬೆರಳು,
ಅಂಥ ತಂಪಿನಲ್ಲಿ ಯಾವ ತಪ್ಪು ತಾನೇ
ಮುಖ ತೋರಿಸೀತು?

ಹಾಗಾಗಿ ಇವತ್ತು ಹಿಂಬಾಗಿಲ ಪಕ್ಕದ ಸೀಟು.
ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ
ಯಾರದೋ ಮಲ್ಲಿಗೆ ಕಟ್ಟು, ಇನ್ಯಾರದೋ ಮೊಣಕೈ.
ಅವನ ಫೋನು ಹಳೆಯದು, ಗಾಜು ಬಿರಿದದ್ದು,
ಬೆನ್ನು ಕಳಚದ ಹಾಗೆ ರಬ್ಬರ್ ಬ್ಯಾಂಡು.
ಕೂಳೂರಿನ ಸಂಕದಿಂದ ಸುರತ್ಕಲ್ ತನಕ
ಖಾಕಿ ಕಿಸೆಯೊಳಗೆ ನಿದ್ದೆ ಹೋಗುತ್ತದೆ.
ಎಳೆದು ತೆಗೆದರೆ ಎಚ್ಚರ.
ಎಚ್ಚರ ಪೂರ್ತಿಯಾಗುವ ಮೊದಲೇ
ಅವನ ಹೆಬ್ಬೆರಳು.

ಹೆಜಮಾಡಿ. ಟೋಲಿನ ಸಾಲು.
ಇಬ್ಬರು ಹತ್ತಿದರು. "ಉಡುಪಿ, ಎರಡು."
ಪರದೆಯ ಮೇಲೆ ಒಟ್ಟು: ಸೊನ್ನೆ.
ಆಮೇಲೆ ತೊಂಬತ್ತು.
ಎರಡು ಸಾವಿರದ ಮುನ್ನೂರ ನಲವತ್ತು
ಎಲ್ಲೂ ಇಲ್ಲ.

ನಡೆದದ್ದು ಇಷ್ಟೇ:
ಹಳೆಯ ಲೆಕ್ಕ ತರಲೆಂದು ಒಳಗೆ ಹೋದ ಹುಡುಗ
ಚೀಲ ಹೊತ್ತು ಹೊರಬರುವಷ್ಟರಲ್ಲಿ
ಅಂಗಡಿಯೆದುರು ನಾನು ಬೋರ್ಡು ತೂಗಿಹಾಕಿದ್ದೆ:
'ಏನೂ ಇಲ್ಲ.'
ಆ ಇಲ್ಲಕ್ಕೆ ತೊಂಬತ್ತು ಕೂಡಿಸಿ,
ಹಳೆಯ ಲೆಕ್ಕದ ಮೇಲೇ ಬರೆದು,
ಹುಡುಗನ ಕೈಯ ಚೀಲವನ್ನೂ
ಬರಿದು ಮಾಡಿದ್ದೆ.

ಅವನಿಗೆ ಹೇಗೆ ಹೇಳಲಿ ಎಂದು ಪದ ಹುಡುಕುವಾಗ
ಕಾಪು ಬಂತು.
ಮೂರನೇ ಸಾಲಿನ ಕಿಟಕಿಗೆ ಒರಗಿದ್ದ ಹುಡುಗಿ,
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳು,
ಬೆಚ್ಚಿ ಎದ್ದಳು.
ಹತ್ತುವಾಗಲೇ ನಿದ್ದೆ, ಟಿಕೆಟ್ ಆಗಿರಲಿಲ್ಲ.
ಲೋಲಾಕ್ಷಣ್ಣ ಪಕ್ಕಕ್ಕೆ ಹೋಗಿ ನಿಂತ.
ಕೇಳಲಿಲ್ಲ. ಹೊರಗೆ ನೋಡಿದ, ಚಿಲ್ಲರೆ ಎಣಿಸಿದ.
ಅವಳು ತನ್ನ ಅಂಗೈ ನೋಡಿಕೊಂಡಳು, ತೆಂಗಿನ ಮರ ನೋಡಿದಳು,
ಒಂದೊಂದಾಗಿ ಎಲ್ಲ ವಾಪಸು ಬಂತು:
ದಿನ, ದಾರಿ, ಮನೆ.
"ಕಟಪಾಡಿ," ಅಂದಳು.

"ಎದ್ದ ಕೂಡ್ಲೇ ಕೇಳಿದ್ರೆ ತಪ್ಪು ಊರು ಹೇಳ್ತಾರೆ ಮೇಡಂ,"
ಹಿಂದೆ ಬಂದು ಹೇಳಿದ. "ಒಂತೆ ಉಂತೊಡು."

ಕಟಪಾಡಿಯಿಂದ ಉಡುಪಿಯ ತನಕ
ಅಲುಗಾಡುವ ಕೀಲಿಗಳ ಮೇಲೆ ಅದನ್ನೇ ಬರೆದೆ.
ಉತ್ತರ ಬರುವವರೆಗೆ ಗುಂಡಿಗೆ ಬೀಗ.
ಸೊನ್ನೆಯ ಜಾಗದಲ್ಲಿ ಮೂರು ಚುಕ್ಕಿ.
ಸೊನ್ನೆಯೆಂದರೆ ಹೋಗಿ, ಎಣಿಸಿ ಬಂದೆ, ಇಲ್ಲ.
ಚುಕ್ಕಿಯೆಂದರೆ
ಹೋದವನು ಇನ್ನೂ ಬಂದಿಲ್ಲ.
ಎಂಟು ವರ್ಷದ ಕೆಲಸದಲ್ಲಿ ಇವೆರಡನ್ನೂ
ಒಂದೇ ಅಂದುಕೊಂಡಿದ್ದೆ.

ಸರ್ವಿಸ್ ಸ್ಟ್ಯಾಂಡಿನಲ್ಲಿ ಅವನು ಫೋನು ತೆರೆದ.
"ಇದೆಂಥ ಚುಕ್ಕಿ?"
"ಕಾಯ್ತಾ ಇದೆ."
"ಎಷ್ಟು ಹೊತ್ತು?"
"ಅರ್ಧ ಸೆಕೆಂಡು."
ಲೆಕ್ಕ ಬಂತು. ಸರಿಯಾಗಿಯೇ ಬಂತು.
ಅವನು ನಗಲಿಲ್ಲ.
"ಮಾಲಕರೂ ಅಷ್ಟು ಕಾದಿದ್ರೆ," ಅಂದವನು
ಮಾತು ಮುಗಿಸದೆ ಇಳಿದ.
ಟೈಂಕೀಪರ್ ಗಡಿಯಾರ ತಟ್ಟುತ್ತಿದ್ದ.
ಮುದುಕಿಯೊಬ್ಬಳ ಎರಡನೇ ಕಾಲು
ಮೆಟ್ಟಿಲ ಮೇಲೆ ಬಂದ ಮೇಲೆಯೇ
ಸೀಟಿ ಊದಿದ.