ಗಾಳಿಗಂಡಿ

ನಕ್ಷೆಯ ಮೇಲೆ ನಾಲ್ಕು ಬಣ್ಣದ ಗೆರೆ.
ಕೆಂಪು ಈಗಿರುವುದು, ಹಸಿರು ಬರಲಿರುವುದು,
ನೀಲಿ ಯಾರೂ ಇನ್ನೂ ಒಪ್ಪದ್ದು.
ಹಳದಿ ನನ್ನದು: ಹುಮನಾಬಾದಿನಿಂದ ಬಂದು
ನೌಬಾದಿನ ದಿನ್ನೆ ಹತ್ತಿ, ಇಳಿದು,
ಉದಗೀರದ ಕಡೆ ಹೊರಳುತ್ತದೆ.

ಅಂಚಿನಲ್ಲಿ ಬರೆದಿದೆ:
ಇಂಥ ಇಸವಿಯೊಳಗೆ ದೇಶಕ್ಕೆ ಹೊರಗಿನ ಗ್ಯಾಸು ಬೇಡ.
ಒಂದು ಹಡಗೂ ಬೇಡ.
ಧನ್ನೂರ ಸಾಹೇಬರು ಆ ಸಾಲಿನಡಿ ಎರಡು ಸಲ ಗೀಟೆಳೆದಿದ್ದಾರೆ,
ಮೊದಲನೆಯದು ಸೊಟ್ಟಗಾಯಿತೆಂದು.

ಗೂಟ ನೆಡಲು ಹೋದವ ನಾನು.
ಮುರಕಲ್ಲಿನ ಕೆಂಪು ನೆಲ, ಹಾರೆ ಬಿದ್ದಲ್ಲೆಲ್ಲ ಠಣ್.
ನಲವತ್ತೊಂದನೆಯ ಕಡೆ ಸದ್ದೇ ಬೇರೆ.
ಎಕ್ಕೆಗಿಡ ಸರಿಸಿದರೆ ಚೌಕದ ಬಾಯಿ,
ಕೆಳಗಿಂದ ತಣ್ಣನೆ ಉಸಿರು.

"ಸುರಂಗಬಾವಿರೀ ಅದು," ಎಂದ ಎಮ್ಮೆ ಕಾಯುತ್ತಿದ್ದ ತುಕ್ಕಪ್ಪ.
"ಇಂಥಾ ಗಂಡಿ ಊರ ತನಕ ಅದಾವ.
ಬಾದಶಾಹಿ ಕಾಲದಾಗ ನೀರು ನೆಲದೊಳಗೇ ನಡಕೋತ ಹೋಗತಿತ್ತು.
ಪಂಪಿಲ್ಲ, ಕರೆಂಟಿಲ್ಲ, ಬರೇ ಇಳಿಜಾರ."
ಒಂದು ಹರಳು ಬಿಟ್ಟ. ಎಣಿಸಿದೆವು.
ನಾನು ಮೂರು ಅಂದೆ, ಅವನು ನಾಕು.
"ನಿಮ್ಮ ಪೈಪಿಗೆ ಇಂಥಾ ಬಾಯಿ ಎಷ್ಟ ಇಟ್ಟೀರಿ?"

ಹಾಳೆ ಬಿಚ್ಚಿ ನೋಡಿದೆ.
ನೌಬಾದಿನ ಮುಂದೆ ಒಂದೇ ಶಬ್ದ: ಹಾಯ್ದುಹೋಗುವುದು.
ಬಳಕೆ ಎಂಬಲ್ಲಿ ಸಣ್ಣದೊಂದು ಅಡ್ಡಗೀಟು.

ಅವನ ಮನೆಯಲ್ಲಿ ಚಹಾ.
ಸೊಸೆ ಜಗದೇವಿ ತೊಗರಿಕಟ್ಟಿಗೆ ಮುರಿಮುರಿದು ಒಲೆಗೆ ತುರುಕುತ್ತ
ಹಿತ್ತಿಲ ಗೋಬರಗ್ಯಾಸಿನ ಗುಮ್ಮಟ ತೋರಿಸಿದಳು.
ಎರಡು ಚಳಿಗಾಲ ಉರಿದಿತ್ತಂತೆ,
ನೀಲಿ, ಕಿರುಬೆರಳಷ್ಟು.
ಆಮೇಲೆ ವಾಲ್ವು ಹೋಯಿತು. ಬೀದರಿನಲ್ಲಿ ಸಿಗಲಿಲ್ಲ,
ಹೈದರಾಬಾದಿನಲ್ಲಿ ಕೇಳಿ ಅಂದರು.
ಈಗ ಅದರ ನೆರಳಲ್ಲಿ ಕೋಳಿ ಕಾವು ಕೂರುತ್ತವೆ.
"ಸೆಗಣಿ ನಮ್ಮದೇ ಇತ್ತರೀ," ಅಂದಳು,
"ವಾಲ್ವೊಂದು ಪರವೂರದು."

ರಾತ್ರಿ ಕಚೇರಿಯಲ್ಲಿ ಒಬ್ಬನೇ,
ಹಳದಿ ಗೆರೆಯ ಮೇಲೆ, ಆ ಗೂಟದ ಬಳಿ,
ಒಂದು ಸಣ್ಣ ಸೊನ್ನೆ ಬರೆದೆ.
ಬೆಳಿಗ್ಗೆ ಸಾಹೇಬರು ಕನ್ನಡಕ ಏರಿಸಿ, "ಇದೇನು?"
"ಬಾಯಿ, ಸರ್."
"ಅಂದಾಜುಪಟ್ಟಿಯಲ್ಲಿ ಬಾಯಿ ಇಲ್ಲ. ಅಳಿಸು."

ಅಳಿಸಿದೆ. ರಬ್ಬರು ಹಳೆಯದು,
ಕಾಗದದ ಜುಂಗು ಎದ್ದಿತು.
ಜೆರಾಕ್ಸು ಅದನ್ನೇ ಹಿಡಿದು ಕಪ್ಪು ಮಾಡಿ
ಹನ್ನೆರಡು ಪ್ರತಿ ಉಗುಳಿತು;
ಆರು ಬೆಂಗಳೂರಿಗೆ, ಆರು ದಿಲ್ಲಿಗೆ.

ತಿಂಗಳಾದ ಮೇಲೆ ಫೋನು:
ನೌಬಾದಿನ ಹತ್ತಿರ ಏನೋ ಕಪ್ಪಗಿದೆಯಲ್ಲ, ಗುಡ್ಡವೇ?
ಸಾಹೇಬರು ರಿಸೀವರು ನನ್ನ ಕೈಗಿಟ್ಟರು.
ಆ ಕಡೆ ಹಲೋ, ಹಲೋ.
ನಾನು ಬಾಯಿ ತೆರೆಯುವ ಮೊದಲು
ನಾಕರ ತನಕ ಎಣಿಸಿದೆ.