ನಾಲ್ಕು ಬೆರಳು ಹಿಂದೆ

ಶಿರಿಯದ ಅಳಿವೆಯಲ್ಲಿ ಮರಳು
ಪ್ರತಿ ಮಳೆಗಾಲಕ್ಕೂ ಮನೆ ಬದಲಿಸುತ್ತದೆ.
ಅದಕ್ಕೇ ಇದರ ಹೊಟ್ಟೆ ಚಪ್ಪಟೆ,
ಮೊಣಕಾಲುದ್ದ ನೀರು ಸಾಕು.
ಹದಿನೆಂಟು ಅಡಿ ಉದ್ದ, ಆರೂವರೆ ಅಗಲ
ಎಂದು ನಾನು ಬರೆದುಕೊಂಡದ್ದು.
ಅಂಬಾಡಿ ಆಚಾರಿಯ ಲೆಕ್ಕದಲ್ಲಿ ಏಳೂವರೆ ಕೋಲು,
ಮತ್ತೆ ಕಣ್ಣು ಹೇಳಿದಷ್ಟು.

ನಕ್ಷೆ ಕೇಳಿದೆ.
ಅಂಗಳದ ಹೊಯಿಗೆಯಲ್ಲಿ ಹೆಬ್ಬೆರಳಿಂದ ಒಂದು ಗೆರೆ ಎಳೆದ,
ಇನ್ನೊಂದು ಎಳೆಯುವ ಮೊದಲು ಕೋಳಿ ತುಳಿಯಿತು.
'ಉಳಿದದ್ದು ಹಲಗೆ ಬಂದ ಮೇಲೆ ಪೋಸ್ಟಮ್ಮಾ.'

ಮೂವತ್ತೊಂದು ವರ್ಷ ಕುಂಬಳೆಯ ಅಂಚೆ ಕಚೇರಿಯಲ್ಲಿ ಕೂತು
ಊರವರ ಕಾಗದಗಳನ್ನು ದೂರಕ್ಕೆ ಕಳಿಸಿದವಳು ನಾನು.
ನಿವೃತ್ತಿಯ ದುಡ್ಡಿನಲ್ಲಿ ಹಾಯಿದೋಣಿಯೇ
ಎಂದು ತಂಗಿ ಒಂದು ವಾರ ಮಾತು ಬಿಟ್ಟಳು.

ಹೆಬ್ಬಲಸಿನ ಹಲಗೆ. ಕೂವೆಮರ ಸುರಹೊನ್ನೆಯದು.
ಸಂದಿಗೆ ಹತ್ತಿ, ರಾಳ; ಮೈಗೆಲ್ಲ ಗೇರೆಣ್ಣೆ,
ಬೆರಳ ಸಿಪ್ಪೆ ಎದ್ದದ್ದು ನನ್ನದೂ.
ಒಳಗೊಂದು ಗೂಡು:
ಕೂತರೆ ತಲೆ ತಾಗದು, ಎದ್ದರೆ ಬಿಡದು.
ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌ,
ಗಂಜಿಯ ಪಾತ್ರೆ ಮಗುಚದಂತೆ ಅದರ ಸುತ್ತ
ಗೇಣೆತ್ತರದ ಮರದ ಬೇಲಿ.

ಬಂದರು ಕಚೇರಿಯ ಫಾರಮು ಮಲಯಾಳದಲ್ಲಿ.
ಹುಡುಗ ಓದಿ ಹೇಳಿದ: ಎಂಜಿನು ಎಷ್ಟು ಕುದುರೆಯದ್ದು?
ಎಂಜಿನಿಲ್ಲ.
ಖಾಲಿ ಬಿಡಲಾಗದು ಮೇಡಂ.
ಸೊನ್ನೆ ಬರೆದೆ.
ಎರಡು ಲಿಪಿಯಲ್ಲೂ ಅದೊಂದು ಮಾತ್ರ ಒಂದೇ ದುಂಡಗೆ.

ಇನ್ನು ಇದರ ಗುಣ.
ಮೊದಲ ಗಾಳಿಗೇ ವಾಲಿ ಹೆದರಿಸುತ್ತದೆ.
ಪಕ್ಕೆಯ ಉಬ್ಬು ನೀರಿಗೆ ತಾಗಿದ್ದೇ ತಡ,
ಜಗಲಿಯ ಕಂಬಕ್ಕೆ ಒರಗಿದವರ ಹಾಗೆ ಅಲ್ಲೇ,
ಮತ್ತೆ ನೂಕಿದರೂ ಅಲುಗದು.
ಬೆಳಗಿನ ಮೂಡುಗಾಳಿಗೆ ಹೊರಡುವುದು,
ಮಧ್ಯಾಹ್ನದ ಪಡುಗಾಳಿ ಬೆನ್ನು ತಟ್ಟಿ ಬೇಕಲಕ್ಕೆ ಮುಟ್ಟಿಸುತ್ತದೆ.
ಹಿಂದೆ ಬರುವಾಗ ಗೊತ್ತಾಗುತ್ತದೆ:
ಎದುರುಗಾಳಿಗೆ ಇದು ಸೋಮಾರಿ,
ಚಾಪೆ ಹೆಣೆದಂತೆ ಆಚೆ ಈಚೆ ಹೋಗಿ
ಒಂದು ಮೈಲಿಗೆ ಮೂರು ಮೈಲಿ.
ಹಾಯಿಗೆ ಎರಡು ಸಾಲು ಕಟ್ಟುಹುರಿ.
ಬಿಳಿನೊರೆ ಕಂಡರೆ ಒಂದು ಸಾಲು ಮಡಚು,
ಕಂಡಿತೋ ಇಲ್ಲವೋ ಎಂಬ ಸಂಶಯ ಬಂದರೂ ಮಡಚು,
ಇದು ಪೋಕರಿಚ್ಚನ ಮಾತು.
ಹಾಯಿ ಹೊಲಿದವರು ಅವರೇ.

ಒಂದೇ ದೂರು ನನ್ನದು.
ಚುಕ್ಕಾಣಿ ಎಳೆಯುತ್ತದೆ,
ಸಂತೆಗೆ ಬಂದ ಹಟಮಾರಿ ಮಗುವಿನ ಹಾಗೆ, ಯಾವಾಗಲೂ ಗಾಳಿಯ ಕಡೆಗೇ.
ಸಂಜೆಗೆ ತೋಳು ಸೋತು ಚಹಾದ ಲೋಟ ನಡುಗುತ್ತದೆ.
ಆಚಾರಿಗೆ ಹೇಳಿದೆ.
'ಮರ ಹಾಗೆ ಬಂತು' ಎಂದು ಉಳಿ ಮಸೆಯತೊಡಗಿದ.

ಪೋಕರಿಚ್ಚ ಹೇಳಿದ್ದು ಆಮೇಲೆ, ಸೂಜಿಗೆ ನೂಲು ಪೋಣಿಸುತ್ತ.
ಅಂಬಾಡಿಗೆ ಒಬ್ಬ ತಮ್ಮನಿದ್ದ. ಕೇಳು ಅಂತ, ಹದಿನೇಳರವ.
ಅಣ್ಣ ಕಟ್ಟಿದ ಮೊದಲ ಓಡದಲ್ಲಿ
ಕೋಯಿಪ್ಪಾಡಿಯಿಂದ ಒಬ್ಬನೇ ಹೊರಟ.
ಓಟವೆಂದರೆ ಆ ಓಡದ್ದು,
ಕೈ ಬಿಟ್ಟರೂ ನೆಟ್ಟಗೆ ಹೋಗುತ್ತದೆ ಎಂದು
ಕರಾವಳಿಯೆಲ್ಲ ಹೊಗಳುತ್ತಿತ್ತು.
ನೀರಿಗೆ ಬಿದ್ದ.
ಈಜು ಬರುತ್ತಿತ್ತು.
ಓಡ ನೆಟ್ಟಗೆ ಹೋಯಿತು.

ಮಾರನೆಯ ದಿನ ಏಳಿಮಲೆಯ ಬುಡದಲ್ಲಿ ಮರಳಿಗೆ ಹತ್ತಿ ನಿಂತಿತ್ತು,
ಹಾಯಿ ತುಂಬಿ, ಮೈಮೇಲೆ ಒಂದು ಗೀರೂ ಇಲ್ಲದೆ.
ಅಲ್ಲಿಂದ ಅವನು ಕಟ್ಟಿದ ಎಲ್ಲಕ್ಕೂ
ಕೂವೆಮರ ನಾಲ್ಕು ಬೆರಳು ಹಿಂದೆ.
ಓಟ ಕಮ್ಮಿ, ತೋಳು ನೋವು,
ಗಿರಾಕಿ ಕೂಡ ಕಮ್ಮಿ.

ನಿನ್ನೆ ಆರಿಕ್ಕಾಡಿಯ ಕೋಟೆ
ಬೆಂಕಿಪೆಟ್ಟಿಗೆಯಷ್ಟಾಗುವ ತನಕ ಹೋಗಿ
ಚುಕ್ಕಾಣಿ ಬಿಟ್ಟು ಕೈಕಟ್ಟಿ ಕೂತೆ.
ಒಂದು ಗಳಿಗೆ ಏನೂ ಇಲ್ಲ.
ಮತ್ತೆ ಮೂತಿ ನಿಧಾನಕ್ಕೆ ಗಾಳಿಯ ಕಡೆ ತಿರುಗಿತು,
ಹಾಯಿ ಪಟಪಟ ಬಡಿದು ಸಣ್ಣಗಾಯಿತು,
ನಿಂತಿತು.
ಪಕ್ಕೆಗೆ ನೀರು ತಟ್ಟುವ ಸದ್ದು.
ನಾನು ಬಿದ್ದಿರಲಿಲ್ಲ, ಆದರೂ ಕಾದಿತ್ತು.

ದಡದಲ್ಲಿ ಅಂಬಾಡಿ, ಹಗ್ಗ ಹಿಡಿದುಕೊಳ್ಳುತ್ತ:
ಎಷ್ಟು ಹೊತ್ತು ನಿಂತಿತು?
ಒಂದು ಬೀಡಿ ಸೇದುವಷ್ಟು, ಎಂದೆ.
ಕೂವೆಮರದ ಬುಡ ನೋಡಿದ. ತನ್ನ ಬೆರಳು ನೋಡಿಕೊಂಡ.
'ಸಾಲದು' ಎಂದ.
'ಮುಂದಿನದಕ್ಕೆ ಐದು.'